ಕೈಗೆ ತಕ್ಕ ಕಲ್ಲು

ಮನುಷ್ಯರನ್ನು ನೋಡಿ ಅವರು ನಿಲ್ಲಬೇಕಾದ ಜಾಗ ಯಾವುದೆಂದು ಹೇಳಿಬಿಡುವ ವಿದ್ಯೆ ನಮ್ಮ ಸೋದರತ್ತೆಗೆ ಸಿದ್ಧಿಸಿದೆ. ಜ್ಯೋತಿಷಿಗೆ ಜಾತಕ ಬೇಕು, ಡಾಕ್ಟರಿಗೆ ರಕ್ತ ಬೇಕು. ಅತ್ತೆಗೆ ನೀವು ಒಂದು ಕೋಲು ಹಿಡಿದು ಮೂರು ಸಲ ಚೆಂಡು ಹೊಡೆದು ತೋರಿಸಿದರೆ ಸಾಕು. ಆಮೇಲೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕಣ್ಣು ಕಿರಿದು ಮಾಡಿ, ನಿಮ್ಮನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ಅಳೆದು, "ನೀನು ಕೆಂಪು" ಅಂತಲೋ "ನೀನು ಬಿಳಿ" ಅಂತಲೋ ತೀರ್ಪು ಕೊಡುತ್ತಾಳೆ. ಅದಕ್ಕೆ ಅಪೀಲಿಲ್ಲ. ನಮ್ಮ ನೆಂಟರಲ್ಲಿ ಅರ್ಧ ಜಗಳಗಳು ಜಮೀನಿನಿಂದ ಹುಟ್ಟಿದವು, ಉಳಿದರ್ಧ ನಮ್ಮತ್ತೆಯಿಂದ!

ಇದೆಲ್ಲ ಗಾಲ್ಫ್ ಆಟದ ಮಾತು. ಹೌದು, ಗಾಲ್ಫೇ. ಅದೂ ಚಿಕ್ಕಜಾಜೂರಿನ ಪಕ್ಕದಲ್ಲಿ. ನಗುವವರು ಈಗಲೇ ನಕ್ಕು ಮುಗಿಸಿ. ಮೈದಾನಕ್ಕೆ ಬಂದು ನಕ್ಕರೆ ಅತ್ತೆ ನಿಮ್ಮ ಕೈಗೆ ಕೋಲು ಕೊಡುತ್ತಾಳೆ, ಆಮೇಲೆ ನಗುವ ಸರದಿ ಬೇರೆಯವರದ್ದು.

ಜಂಕ್ಷನ್ನಿನಿಂದ ಸ್ವಲ್ಪ ದೂರ ಬಂದರೆ ನಮ್ಮಜ್ಜ ಅತ್ತೆಯ ಪಾಲಿಗೆ ಬಿಟ್ಟ ಬೀಳು ಹೊಲ. ಹರಳು ಕಲ್ಲಿನ ನೆಲ. ಬಿತ್ತಿದ ಬೀಜವನ್ನು ವಾಪಸ್ ಕೊಟ್ಟರೆ ಅದೇ ಅದರ ಉಪಕಾರ. ಅಲ್ಲಿ ರಾಗಿ ಏಳಲಿಲ್ಲ, ಸಾವೆ ಏಳಲಿಲ್ಲ. ಹುಲ್ಲು ಮಾತ್ರ ಯಾರ ಹಂಗೂ ಇಲ್ಲದೆ ಬೆಳೆಯಿತು. ಆ ಹುಲ್ಲನ್ನು ಈರಜ್ಜಿಯ ಕುರಿಗಳು ಮೇಯುತ್ತವೆ. ಈರಜ್ಜಿ ಹಳ್ಳದಾಚೆಯ ಹಟ್ಟಿಯವಳು, ಕುರಿ ಮಂದೆಗೂ ಮನೆಮಂದಿಗೂ ಒಬ್ಬಳೇ ಯಜಮಾನಿ. ಅವಳ ಕುರಿಗಳು ಮೇಯ್ದು ಮೇಯ್ದು ನೆಲವನ್ನು ಮಟ್ಟಸವಾಗಿ ಇಟ್ಟಿವೆ. ದೊಡ್ಡ ಊರುಗಳಲ್ಲಿ ಇದಕ್ಕೆಂದು ಯಂತ್ರ ಓಡಿಸುತ್ತಾರಂತೆ. ನಮ್ಮಲ್ಲಿ ಯಂತ್ರ ವರ್ಷವರ್ಷ ಮರಿ ಹಾಕುತ್ತದೆ.

ಗಾಲ್ಫ್ ಮೈದಾನಕ್ಕೆ ಹದಿನೆಂಟು ಗುಳಿ ಇರಬೇಕೆನ್ನುತ್ತಾರೆ. ನಮ್ಮತ್ತೆಯ ಮೈದಾನಕ್ಕೆ ಒಂದೇ ಗುಳಿ, ಹಳ್ಳದಾಚೆಯ ದಿಬ್ಬದ ಮೇಲೆ. ಗುಳಿಯ ಸುತ್ತ ನೆಲ ನುಣ್ಣಗಿರಬೇಕು ಎಂಬ ನಿಯಮವನ್ನು ಅತ್ತೆ ತನಗೆ ತಿಳಿದ ರೀತಿಯಲ್ಲಿ ಪಾಲಿಸಿದಳು: ಸುಗ್ಗಿಯಲ್ಲಿ ಕಣ ಮಾಡಿದ ಹಾಗೆ ನೀರು ಚಿಮುಕಿಸಿ, ರೋಣಗಲ್ಲು ಉರುಳಿಸಿ, ಮೇಲೆ ಸಗಣಿ ಸಾರಿಸಿದಳು. ಅದರ ಮೇಲೆ ಚೆಂಡು ಉರುಳುವಾಗ ಸದ್ದೇ ಇರುವುದಿಲ್ಲ. ಸಂಜೆಯ ಹೊತ್ತು ಅಲ್ಲಿ ಕೂತರೆ ಎಲ್ಲವೂ ಅರೆನಿದ್ದೆಯಲ್ಲಿ ನಡೆಯುತ್ತಿರುವಂತೆ ಕಾಣುತ್ತದೆ. ದೂರದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಏನನ್ನೋ ಯೋಚಿಸುತ್ತ ಕೈ ತಿರುಗಿಸುತ್ತಿರುತ್ತವೆ. ಕುರಿಗಳ ಕೊರಳ ಗಂಟೆ ಒಮ್ಮೆ ಕೇಳುತ್ತದೆ, ಒಮ್ಮೆ ಕೇಳುವುದಿಲ್ಲ. ಜಂಕ್ಷನ್ನಿನಲ್ಲಿ ಯಾವುದೋ ರೈಲು ಕೂಗಿ, ಹೋಗಲೋ ಬೇಡವೋ ಎಂದು ನಿಂತುಬಿಡುತ್ತದೆ. ನಾನು ಹೊಳಲ್ಕೆರೆಯಿಂದ ಭಾನುವಾರಗಳಲ್ಲಿ ಅತ್ತೆಯ ಮನೆಗೆ ಬರುವುದು ಆಟಕ್ಕಲ್ಲ, ಈ ಹೊತ್ತಿಗೆ.

ಈಗ ಕಲ್ಲಿನ ವಿಷಯ. ಗಾಲ್ಫ್‌ನಲ್ಲಿ ಮೊದಲ ಏಟು ಹೊಡೆಯುವ ಜಾಗಕ್ಕೆ ಟೀ ಎಂದು ಹೆಸರು. (ಕುಡಿಯುವ ಟೀಯ ಜೋಕನ್ನು ನಮ್ಮ ಮನೆತನದವರೆಲ್ಲ ಒಂದೊಂದು ಸಲ ಮಾಡಿ ದಣಿದಿದ್ದಾರೆ, ನೀವು ಕಷ್ಟಪಡಬೇಡಿ.) ಒಂದೇ ಗುಳಿಗೆ ಹಲವು ಟೀಗಳಿರುತ್ತವೆ. ಬಲಿತ ಕೈಯವರು ಬಹಳ ಹಿಂದಿನಿಂದ ಹೊಡೆಯಬೇಕು, ಸಾಧಾರಣದವರು ನಡುವಿನಿಂದ, ಎಳೆಗೈಯವರು ಮುಂದಿನಿಂದ. ಆಗ ಎಲ್ಲರೂ ಹೆಚ್ಚುಕಡಿಮೆ ಒಟ್ಟಿಗೇ ಗುಳಿ ಸೇರುತ್ತಾರೆ, ಒಬ್ಬರಿಗಾಗಿ ಒಬ್ಬರು ಕಾದು ಬೇಸರಪಡುವುದಿಲ್ಲ. ಅತ್ತೆ ಇದಕ್ಕೆ ಜೋಡಿ ಜೋಡಿ ಕಲ್ಲು ನೆಟ್ಟಿದ್ದಾಳೆ. ಎಲ್ಲಕ್ಕಿಂತ ಹಿಂದೆ ನೀಲಿ, ನಡುವೆ ಸುಣ್ಣ ಬಳಿದ ಬಿಳಿ, ಹಳ್ಳದ ಅಂಚಿಗೆ ಕೆಂಪು. ಕೆಂಪಿನಿಂದ ಹೊಡೆದರೆ ಚೆಂಡು ಸಲೀಸಾಗಿ ಹಳ್ಳ ದಾಟುತ್ತದೆ. ನೀಲಿಯಿಂದ ದಾಟಿಸಬೇಕಾದರೆ ತೋಳಿನಲ್ಲಿ ದಮ್ಮು ಬೇಕು.

ಅತ್ತೆಗೆ ಈ ಹುಚ್ಚು ಹತ್ತಿದ್ದು ಮಾವನಿಂದ. ಮಾವ ರೈಲ್ವೆಯಲ್ಲಿ ಸ್ಟೇಷನ್ ಮಾಸ್ತರರಾಗಿದ್ದವರು. ಒಮ್ಮೆ ದೂರದ ಒಂದು ಊರಿಗೆ ವರ್ಗವಾಯಿತು. ಅಲ್ಲಿ ಅಧಿಕಾರಿಗಳು ಆಡುವ ಗಾಲ್ಫ್ ಮೈದಾನವಿತ್ತು, ಕ್ವಾರ್ಟರ್ಸಿನ ಹಿತ್ತಲಿಗೇ ಅಂಟಿಕೊಂಡು. ಆಟಕ್ಕೆ ಒಬ್ಬರು ಕಡಿಮೆಯಾದ ಒಂದು ಭಾನುವಾರ ಮಾವನನ್ನು ಕರೆದರು. ಮಾವ ಕೋಲು ಬೀಸಿದರು, ಚೆಂಡು ಮೇಲೆ ಹೋಯಿತು. ಹಿತ್ತಲಲ್ಲಿ ಹಪ್ಪಳ ಒಣಹಾಕುತ್ತಿದ್ದ ಅತ್ತೆ ತಲೆಯೆತ್ತಿ ನೋಡಿದಳು. ಅಷ್ಟು ಹೊತ್ತಿನಲ್ಲಿ ಹಪ್ಪಳ ಕಾಗೆ ಪಾಲಾಯಿತು.

"ಆ ಚೆಂಡು ಕೆಳಗೆ ಬಿದ್ದಿದ್ದು ನಾನು ನೋಡ್ಲೇ ಇಲ್ಲ ಕಣೆ" ಎನ್ನುತ್ತಾಳೆ ಅತ್ತೆ ಈಗಲೂ. "ಅಲ್ಲೇ ಎಲ್ಲೋ ಮ್ಯಾಲೇ ಐತೆ ಅನ್ಸುತ್ತೆ."

ಮಾವ ಮುಂಜಾನೆಗಳಲ್ಲಿ ಯಾರೂ ಇಲ್ಲದಾಗ ಅವಳಿಗೆ ಕಲಿಸಿದರು. ಅವಳ ಕೈ ಪಳಗಿದ ಮೇಲೆ ಒಂದು ದಿನ ನಾಲ್ಕು ಜನರೆದುರು ಕರೆದುಕೊಂಡು ಹೋದರು. ಅಲ್ಲಿದ್ದ ಹಿರಿಯರೊಬ್ಬರು ಬಹಳ ಮರ್ಯಾದೆಯಿಂದ, ಹೆಂಗಸರು ಮುಂದಿನ ಕೆಂಪು ಗುರುತಿನಿಂದ ಆಡಬೇಕು ಎಂದರಂತೆ. ಅತ್ತೆ ಮಾತಾಡದೆ ಹೋಗಿ ಕೆಂಪಿನಿಂದ ಹೊಡೆದಳು. ಚೆಂಡು ಗುಳಿಯನ್ನು ದಾಟಿ, ಬೇಲಿಯನ್ನು ದಾಟಿ, ಕ್ಯಾಂಟೀನಿನ ತಗಡಿನ ಮೇಲೆ ಢಣಾರೆಂದು ಬಿತ್ತು. ಆಗ ಅತ್ತೆ ತಿರುಗಿ ಕೇಳಿದಳು: "ಈಗ ಹೇಳ್ರಿ, ಹಿಂದಕ್ಕೆ ಹೋಗ್ಲೋ, ಹಿಂಗೇ ತಗಡು ಒಡೀಲೋ?"

ಆದರೂ ಬಿಳಿ ಗುರುತಿಗೆ ಬಡ್ತಿ ಸಿಗಲು ಅವಳು ಇಡೀ ಒಂದು ಚಳಿಗಾಲ ಜಗಳವಾಡಬೇಕಾಯಿತಂತೆ. ಮದುವೆಯಲ್ಲಿ ತೊಟ್ಟ ಬಳೆಯ ಬಗ್ಗೆ ಬೇರೆ ಹೆಂಗಸರು ಮಾತಾಡುವ ಹಾಗೆ ಅತ್ತೆ ಆ ಬಿಳಿ ಗುರುತಿನ ಬಗ್ಗೆ ಮಾತಾಡುತ್ತಾಳೆ. ಮಾವ ನಿವೃತ್ತರಾಗಿ ಇಬ್ಬರೂ ಊರಿಗೆ ಬಂದ ಮೇಲೆ, ಅತ್ತೆ ಬೀಳು ಹೊಲದಲ್ಲಿ ತನ್ನದೇ ಮೈದಾನ ಮಾಡಿಕೊಂಡಾಗ ಹಾಕಿದ ಕಾನೂನು ಒಂದೇ: ಸೀರೆ ನೋಡಿ ಕಲ್ಲು ಕೊಡಬಾರದು, ಮೀಸೆ ನೋಡಿಯೂ ಕೊಡಬಾರದು. ಕೈ ನೋಡಿ ಕೊಡಬೇಕು.

ಕೈ ನೋಡುವ ಕ್ರಮ ಹೀಗೆ. ಬಂದವರು ಬಿಳಿ ಕಲ್ಲಿನ ಬಳಿ ನಿಂತು ಮೂರು ಸಲ ಹೊಡೆಯಬೇಕು. ಮೊದಲ ಎರಡನ್ನು ಅತ್ತೆ ಲೆಕ್ಕಕ್ಕೇ ಹಿಡಿಯುವುದಿಲ್ಲ. "ಮೊದ್ಲನೇದು ಹೆದ್ರಿಕೆ, ಎರಡ್ನೇದು ಹಮ್ಮು. ಮೂರ್ನೇದೇ ನೀನು" ಎನ್ನುತ್ತಾಳೆ. ಭರಮಸಾಗರದಲ್ಲಿರುವ ನಮ್ಮ ದೊಡ್ಡಪ್ಪನ ಮಗ ಒಬ್ಬ ಕಬಡ್ಡಿ ಪಟು. ತೊಡೆ ತಟ್ಟಿದರೆ ಪಕ್ಕದ ಮನೆಯ ಪಾತ್ರೆ ಅಲುಗುತ್ತವೆ. ಅವನ ಮೂರನೆಯ ಚೆಂಡು ಆಲಸ್ಯದಿಂದ ಉರುಳಿ, ಮೇಯುತ್ತಿದ್ದ ಕುರಿಯೊಂದರ ಮುಂದೆ ನಿಂತಿತು. ಕುರಿ ಅದನ್ನು ಮೂಸಿ ನೋಡಿ ಮುಂದೆ ಹೋಯಿತು.

"ಕೆಂಪು" ಎಂದಳು ಅತ್ತೆ.

"ಅದು ಮಕ್ಳ ಕಲ್ಲಲ್ವೇನತ್ತೆ? ನನ್ನೇನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಮಾಡಿದ್ಯಾ?"

"ಲೆಕ್ಕಕ್ಕೂ ಉಂಟು ಕಣಪ್ಪ. ಹಳ್ಳ ದಾಟಿಸಿದ್ರೆ."

ಅವನು ಕೇಳಲಿಲ್ಲ. ನೀಲಿ ಕಲ್ಲಿನಿಂದಲೇ ಹೊಡೆಯುತ್ತೇನೆಂದು ಹಠ ಹಿಡಿದು, ಮಧ್ಯಾಹ್ನವೆಲ್ಲ ಹಳ್ಳದ ಜಾಲಿಯಲ್ಲಿ ಚೆಂಡು ಹುಡುಕಿದ. ಚೆಂಡು ಸಿಗಲಿಲ್ಲ, ಮುಳ್ಳು ಬೇಕಾದಷ್ಟು ಸಿಕ್ಕವು. ಆಮೇಲೆ ಅವನು ಅತ್ತೆಯ ಮನೆಗೆ ಬರುವುದನ್ನೇ ಬಿಟ್ಟ. ಹೆಂಡತಿಯನ್ನು ಮಾತ್ರ ಕಳಿಸುತ್ತಿದ್ದ. ಅವಳು ಬಿಳಿ ಕಲ್ಲಿನಿಂದ ಆಡುತ್ತಿದ್ದಳು ಎಂಬುದನ್ನು ನಾವ್ಯಾರೂ ಅವನಿಗೆ ಹೇಳಲಿಲ್ಲ.

ನನ್ನ ಮದುವೆಯೂ ಈ ಕಲ್ಲುಗಳಿಂದಲೇ ಆದದ್ದು! ನನ್ನನ್ನು ನೋಡಲು ಬಂದ ಗಂಡುಗಳನ್ನು ಉಪ್ಪಿಟ್ಟು ಮುಗಿಯುತ್ತಲೇ ಅತ್ತೆ ಮೈದಾನಕ್ಕೆ ಹೊರಡಿಸುತ್ತಿದ್ದಳು. ಹೊಸದುರ್ಗದಿಂದ ಬಂದವನೊಬ್ಬ ಪರೀಕ್ಷೆಗೇ ಒಪ್ಪದೆ ನೇರವಾಗಿ ನೀಲಿ ಕಲ್ಲಿಗೆ ನಡೆದ. ಅವನ ಚೆಂಡು ಹಿಂದಕ್ಕೆ ಹಾರಿ ಅವರಪ್ಪನ ಮೊಣಕಾಲಿಗೆ ಬಡಿದ ಮೇಲೆ ಮಾತುಕತೆ ಮುಂದುವರಿಯಲಿಲ್ಲ. ಆಮೇಲೆ ಹಿರಿಯೂರಿನ ಕಡೆಯ ಒಬ್ಬರು ಬಂದರು. ಮೂರು ಚೆಂಡನ್ನೂ ಕೆಟ್ಟದಾಗಿ ಹೊಡೆದರು. ಅತ್ತೆ ಬಾಯಿ ತೆರೆಯುವ ಮೊದಲೇ, "ನಾನು ಮುಂದಿನ ಕಲ್ಲಿಗೆ ಹೋಗ್ತೀನ್ರಿ, ಇಲ್ಲಿಂದ ನನ್ ಕೈಲಾಗಲ್ಲ" ಎಂದು ಕೋಲು ಹೆಗಲಿಗಿಟ್ಟುಕೊಂಡು ಹೊರಟೇಬಿಟ್ಟರು. ಅತ್ತೆ ನನ್ನ ಕಿವಿಯಲ್ಲಿ, "ಇವ್ನೇ. ಬ್ಯಾರೆ ನೋಡದು ಬ್ಯಾಡ" ಎಂದಳು. ನಮ್ಮ ಸಂಸಾರ ಚೆನ್ನಾಗಿದೆ. ಅವರ ಆಟ ಮಾತ್ರ ಇವತ್ತಿಗೂ ಸುಧಾರಿಸಿಲ್ಲ.

ಮದುವೆಯಾದ ಹೊಸದರಲ್ಲಿ ಎರಡೂ ಮನೆಯವರು ಸೇರಿ ಚಿತ್ರದುರ್ಗದ ಕೋಟೆಗೆ ಹೋದೆವು. ಏಳು ಸುತ್ತಿನ ಕೋಟೆ ಬೇರೆಯವರಿಗೆ ಕೋಟೆಯಾಗಿ ಕಂಡರೆ ಅತ್ತೆಗೆ ಏಳು ಟೀಗಳಾಗಿ ಕಂಡಿತು. ಯಾರು ಎಲ್ಲಿಯವರೆಗೆ ಹತ್ತಬೇಕು ಎಂದು ಅವರವರ ಉಸಿರು ಕೇಳಿಸಿಕೊಂಡೇ ನಿರ್ಧರಿಸುತ್ತ ಹೋದಳು. ನಮ್ಮಪ್ಪನನ್ನು ಒಂದು ಬಾಗಿಲಲ್ಲಿ ಕೂರಿಸಿದಳು, ಚಿಕ್ಕಮ್ಮನನ್ನು ಮತ್ತೊಂದರಲ್ಲಿ. ನನ್ನ ಹೊಸ ಅತ್ತೆಮ್ಮನನ್ನು ಟಿಕೆಟ್ ಕೊಡುವ ಜಾಗದ ಪಕ್ಕದ ಕಟ್ಟೆಯ ಮೇಲೇ ಕೂರಿಸಿ, "ನೀವು ಇಲ್ಲಿಂದ ನೋಡ್ರಿ" ಎಂದುಬಿಟ್ಟಳು! ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸಂಜೆ ನಾವೆಲ್ಲ ಮಂಡಿ ಹಿಡಿದುಕೊಂಡು ಇಳಿದು ಬಂದರೆ, ಅತ್ತೆಮ್ಮ ಕಡಲೆಕಾಯಿ ತಿನ್ನುತ್ತ ಬಹಳ ಉಲ್ಲಾಸವಾಗಿದ್ದರು. "ಕ್ವಾಟೆ ಪೂರ್ತಿ ಕಂಡಿದ್ದು ನಂಗೊಬ್ಳಿಗೇ. ನೀವೆಲ್ಲ ಅದ್ರೊಳಗೆ ಹೊಕ್ಕಂಡಿದ್ರಿ, ಏನ್ ಕಂಡೀತು?" ಎಂದರು. ಅಂದಿನಿಂದ ಇಬ್ಬರು ಅತ್ತೆಯರೂ ಒಂದು ಪಕ್ಷ, ನಾನು ಒಂಟಿ.

ಇಂಥ ಅತ್ತೆಯ ನ್ಯಾಯಕ್ಕೂ ಒಂದು ದಿನ ಪೆಟ್ಟು ಬಿತ್ತು. ಕೊಟ್ಟದ್ದು ಈರಜ್ಜಿ.

ಅವಳ ಗಬ್ಬದ ಕುರಿಯೊಂದು ಕಾಣೆಯಾಗಿತ್ತು. ಹಟ್ಟಿಯವರೆಲ್ಲ ಹುಡುಕಿ ಕೈಬಿಟ್ಟ ಮೇಲೆ ಅದು ಮರುದಿನ ಬೆಳಿಗ್ಗೆ ನಮ್ಮತ್ತೆಯ ಕೆಂಪು ಕಲ್ಲುಗಳ ನಡುವೆ ಎರಡು ಮರಿ ಹಾಕಿಕೊಂಡು ನಿಂತಿತ್ತು. ಈರಜ್ಜಿ ಕುರಿಯನ್ನು ನೋಡಿದಳು, ಕಲ್ಲನ್ನು ನೋಡಿದಳು, ಕಲ್ಲಿನ ಬಣ್ಣವನ್ನು ನೋಡಿದಳು. ನಮ್ಮ ಸೀಮೆಯಲ್ಲಿ ಬಯಲಿನ ನಡುವೆ ಜೋಡಿ ಕಲ್ಲು ನೆಟ್ಟು ಕೆಂಪು ಬಳಿದ ಮೇಲೆ, ಅದು ದೇವರಲ್ಲ ಎಂದು ಸಾಬೀತು ಮಾಡುವ ಹೊಣೆ ನೆಟ್ಟವರದ್ದೇ ಅಲ್ಲವೇ? ಭಾನುವಾರ ನಾವು ಹೋಗುವಷ್ಟರಲ್ಲಿ ಕಲ್ಲುಗಳಿಗೆ ಅರಿಶಿನ ಕುಂಕುಮ, ಬೇವಿನ ಸೊಪ್ಪು, ಹಸಿರು ಬಳೆ, ಮುಂದೆ ಒಡೆದ ಕಾಯಿ.

"ಈರಜ್ಜಿ, ಅದು ದೇವ್ರಲ್ಲ. ಕೊಟ್ಟಿಗೆ ಬಾಗ್ಲಿಗೆ ಬಳ್ದು ಉಳಿದಿದ್ದ ಬಣ್ಣ" ಎಂದಳು ಅತ್ತೆ.

"ಬಣ್ಣ ಎಲ್ಲಿಂದಾರ ಬರ್ಲಿ ತಾಯಿ. ಅಮ್ಮ ಬಂದು ನಿಂತ್ಲಲ್ಲ."

"ನಿಲ್ಲಿಸಿದ್ದು ನಾನು."

"ಯಾರ್ನಾರ ಒಬ್ರನ್ನ ಹಿಡ್ಕಂಡೇ ಬರ್ಬೇಕಲ್ಲ ಅವ್ಳು" ಎಂದು ಈರಜ್ಜಿ ಅತ್ತೆಯ ಹಣೆಗೂ ಒಂದಿಷ್ಟು ಕುಂಕುಮ ಹಚ್ಚಿದಳು.

ಅಲ್ಲಿಗೆ ಕೆಂಪು ಟೀ ಹಳ್ಳದಮ್ಮನಾಯಿತು. ಅಲ್ಲಿಂದ ಆಡುವವರು ಚಪ್ಪಲಿ ಬಿಡಬೇಕು, ಕೋಲನ್ನು ಕಣ್ಣಿಗೊತ್ತಿಕೊಳ್ಳಬೇಕು, ಬೈಗುಳ ಆಡಬಾರದು. ಬೈಗುಳವಿಲ್ಲದೆ ಗಾಲ್ಫ್ ಆಡುವುದು ಎಷ್ಟು ಕಷ್ಟ ಎಂದು ಆಡಿದವರಿಗೇ ಗೊತ್ತು. ಬೇರೆ ಕೆಂಪು ಟೀ ಮಾಡೋಣವೆಂದು ಅತ್ತೆ ಹೊಸ ಕಲ್ಲೊಂದನ್ನು ಹೊತ್ತು ತಂದರೆ, ಈರಜ್ಜಿ ದೂರದಿಂದಲೇ ಕೈ ಮುಗಿದು, "ತಂಗೀನೂ ಬಂದ್ಲಾ?" ಎಂದು ಕೇಳಿದಳು. ಅತ್ತೆ ಕಲ್ಲನ್ನು ಅಲ್ಲೇ ಕೆಳಗಿಟ್ಟು ಮನೆಗೆ ಬಂದಳು.

ಇದಕ್ಕಿಂತ ದೊಡ್ಡ ಅನಾಹುತವೆಂದರೆ, ಕೆಂಪು ಕಲ್ಲು ಬೇಡ ಎನ್ನುತ್ತಿದ್ದವರೆಲ್ಲ ಅದೇ ಬೇಕು ಎನ್ನತೊಡಗಿದರು. ಭರಮಸಾಗರದ ಕಬಡ್ಡಿ ಪಟು ವರ್ಷಗಳ ಮುನಿಸು ಮರೆತು ಬಂದ. "ಅಮ್ಮನ ಕಲ್ಲು ಅಂದ್ಮೇಲೆ ನಂದೇನೂ ಅಭ್ಯಂತರ ಇಲ್ಲ" ಎಂದು ಅಂಗಿ ಕಳಚಿ, ಹಣೆಗೆ ಅರಿಶಿನ ಬಳಿದುಕೊಂಡು, ಚೆಂಡನ್ನು ಹಳ್ಳ ದಾಟಿಸಿ, ತೊಡೆ ತಟ್ಟಿದ. ಬಲವಾದ ಕೈಯವರೂ ಭಕ್ತಿಯ ನೆಪ ಹೇಳಿ ಮುಂದಕ್ಕೇ ಹೋದರು. ಅತ್ತೆ ಮಾತ್ರ ಒಂದು ದಿನವೂ ಆ ಕಲ್ಲಿಗೆ ಕೈ ಮುಗಿಯಲಿಲ್ಲ. ಅವಳು ನಾಸ್ತಿಕಳೇನಲ್ಲ, ದೇವರನ್ನು ಏನಾದರೂ ಕೇಳುವ ಅಭ್ಯಾಸವಿಲ್ಲ ಅಷ್ಟೇ. ಜಾತ್ರೆಗಳಿಗೆ ಹೋಗುವುದಿಲ್ಲ, ಹರಕೆ ಹೊರುವುದಿಲ್ಲ. ಹೊರಕೆರೆದೇವಪುರದ ಗುಡಿಗೆ ನಾವೆಲ್ಲ ಹೋದಾಗಲೂ ಹೊರಗೆ ನಮ್ಮ ಚಪ್ಪಲಿ ಕಾಯುತ್ತ ಕೂತವಳು. ಇಲ್ಲೂ ಅಷ್ಟೇ, ಹಳ್ಳದಮ್ಮನಿಗೆ ಬೆನ್ನು ಹಾಕಿ, ತನ್ನ ಬಿಳಿ ಕಲ್ಲಿನ ಹತ್ತಿರ ನಿಂತು, ಮಾವನ ಏಟಿಗೆ ಕಾಯುತ್ತಿದ್ದಳು.

ಮಾವನದ್ದು ನೀಲಿ ಕಲ್ಲು. ಮೊದಲು ಅವರು ಹೊಡೆಯುವರು, ಆಮೇಲೆ ಅತ್ತೆ. ಎರಡು ಚೆಂಡುಗಳೂ ಹಳ್ಳದ ಮೇಲೆ ಹಾದು, ಆಚೆ ಹುಲ್ಲಿನಲ್ಲಿ ಒಂದರ ಪಕ್ಕ ಒಂದು ಬೀಳುತ್ತಿದ್ದವು. ನಾನು ಅದೆಷ್ಟೋ ಸಂಜೆ ಬೇವಿನ ಬುಡದಲ್ಲಿ ಒರಗಿ, ಆ ಚೆಂಡುಗಳು ಬೆಳಕಿನಲ್ಲಿ ಕರಗಿ ಮತ್ತೆ ಮೂಡುವುದನ್ನು ನೋಡುತ್ತ ತೂಕಡಿಸಿದ್ದೇನೆ. ಅವರಿಬ್ಬರೂ ಹಳ್ಳಕ್ಕಿಳಿದು, ಹತ್ತಿ, ಚೆಂಡಿನ ಕಡೆ ನಡೆದು ಹೋಗುವರು. ದಾರಿಯುದ್ದಕ್ಕೂ ಏನೋ ಮಾತು. ಏನು ಮಾತಾಡುತ್ತಿದ್ದರೋ, ನನಗೆ ಒಂದು ದಿನವೂ ಕೇಳಿಸಲಿಲ್ಲ. ಬೇರೆ ಬೇರೆ ಕಲ್ಲಿನಿಂದ ಹೊರಟವರು ಜೊತೆಯಾಗಿ ನಡೆಯುವುದಕ್ಕೇ ಈ ಏರ್ಪಾಡು ಇರುವುದು ಎಂದು ಆಗ ಅನ್ನಿಸುತ್ತಿತ್ತು.

ಕಳೆದ ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಮಾವನ ಬಲಗೈಯಿಂದ ಕಾಫಿ ಲೋಟ ಜಾರಿತು. ಎತ್ತಿಕೊಳ್ಳಲು ಹೋದರೆ ಕೈ ಬರಲಿಲ್ಲ, ಮಾತು ತೊದಲಿತು. ನಾನೂ ಅತ್ತೆಯೂ ಅವರನ್ನು ಚಿತ್ರದುರ್ಗದ ಆಸ್ಪತ್ರೆಗೆ ಸೇರಿಸಿದೆವು. ಒಂದೆರಡು ದಿನ ಏನೂ ಹೇಳಲಾಗದು ಎಂದರು ಡಾಕ್ಟರು. ಆಮೇಲೆ ಮಾತು ತಿಳಿಯಾಯಿತು, ಕಾಲಿಗೆ ಬಲ ಬಂತು. ಕೈ ಮಾತ್ರ ಅರ್ಧಕ್ಕೇ ನಿಂತಿತು. ಮನೆಗೆ ಕಳಿಸುವಾಗ ಡಾಕ್ಟರು ಒಂದು ಮಾತು ಹೇಳಿದರು: ಆ ಕೈಗೆ ದಿನಾ ಕೆಲಸ ಕೊಡಬೇಕು, ಸುಮ್ಮನೆ ಕೂತರೆ ಇರುವ ಶಕ್ತಿಯೂ ಹೋಗುತ್ತದೆ.

ಸ್ವಲ್ಪ ಓಡಾಡುವಂತಾದ ಮೇಲೆ ಮಾವ ಹುರುಪಿನಿಂದ ಮೈದಾನಕ್ಕೆ ಬಂದರು. ನೀಲಿ ಕಲ್ಲಿನ ಬಳಿ ನಿಂತು ಹೊಡೆದರು. ಮೊದಲನೆಯದು, ಎರಡನೆಯದು, ಮೂರನೆಯದು. ಮೂರನೆಯ ಚೆಂಡು ಬಿಳಿ ಕಲ್ಲಿನವರೆಗೂ ಬರಲಿಲ್ಲ. ನಾನು ಅತ್ತೆಯ ಮುಖ ನೋಡಿದೆ. ಏನೂ ಹೇಳದಿರಲಿ, ಇವತ್ತೊಂದು ದಿನ ಬಾಯಿ ಮುಚ್ಚಿಕೊಂಡಿರಲಿ ಎಂದು ಬೇಡಿಕೊಂಡೆ.

"ಇನ್ಮೇಲೆ ಕೆಂಪು ಕಣ್ರಿ" ಎಂದಳು ಅತ್ತೆ.

ಮಾವ ಕೋಲನ್ನು ಮೆಲ್ಲಗೆ ಕೆಳಗಿಟ್ಟರು. "ಈ ವಯಸ್ನಾಗೆ ಆಟಕ್ಕುಂಟು ಲೆಕ್ಕಕ್ಕಿಲ್ಲ ಆಗಾಕೆ ನಂಗಿಷ್ಟ ಇಲ್ಲ. ನೀನು ಆಡು" ಎಂದು ಮನೆ ಕಡೆ ನಡೆದರು.

ಆಮೇಲೆ ಅವರು ಜಗಲಿ ಬಿಟ್ಟು ಏಳಲಿಲ್ಲ. ಬಲಗೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಜಂಕ್ಷನ್ನಿನ ಕಡೆಯಿಂದ ಬರುವ ಕೂಗಿಗೆ ಕಿವಿಗೊಟ್ಟು, ಇದು ಯಾವ ಗಾಡಿ, ಎಷ್ಟು ತಡ ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುವರು. ಊಟ ಎಡಗೈಯಲ್ಲಿ, ಚಮಚದಿಂದ. ಬಲಗೈ ದಿನೇ ದಿನೇ ಇನ್ಯಾರದ್ದೋ ಕೈಯಾಗುತ್ತಿತ್ತು. ಅತ್ತೆಯೂ ಮೈದಾನಕ್ಕೆ ಹೋಗಲಿಲ್ಲ. ಗುಳಿಯ ಸುತ್ತಲಿನ ಕಣದ ಮೇಲೆ ಹುಲ್ಲು ಹುಟ್ಟಿತು. ನನಗೆ ಅತ್ತೆಯ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

"ಒಂದು ಸುಳ್ಳು ಹೇಳಿದ್ರೆ ನಿನ್ ಗಂಟೇನು ಹೋಗ್ತಿತ್ತು?" ಎಂದು ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ.

"ಕಲ್ಲಿನ ವಿಷ್ಯದಾಗೆ ನಾನು ಸುಳ್ಳು ಹೇಳಿದ್ರೆ ಅವ್ರಿಗೆ ಗೊತ್ತಾಗಲ್ವೇನೆ? ಅವ್ರೇ ನಂಗೆ ಕಲಿಸಿದ್ದು" ಎಂದು ಅವಳು ರೊಟ್ಟಿ ತಟ್ಟುವುದನ್ನು ಮುಂದುವರಿಸಿದಳು.

ಹೀಗೆ ಬಹಳ ದಿನ ಹೋದವು. ಒಂದು ಭಾನುವಾರ ನಾನು ಬಂದಾಗ ಅತ್ತೆ ತಲೆಗೆ ಎರೆದುಕೊಂಡು, ಒದ್ದೆ ಕೂದಲಿಗೆ ಗಂಟು ಹಾಕಿ, ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ಜಗಲಿಯ ಮುಂದೆ ನಿಂತಿದ್ದಳು. ನಾನು ಬೇರೆ ಮನೆಗೆ ಬಂದೆನೇನೋ ಅಂದುಕೊಂಡೆ!

"ಏಳ್ರಿ, ಹೋಗಾಣ" ಎಂದಳು ಮಾವನಿಗೆ. "ಹರಕೆ ಐತೆ."

"ಯಾರ್ದು?"

"ನಂದೇ. ಹಳ್ಳದಮ್ಮನ ಮುಂದೆ ಬರಿಗಾಲಲ್ಲಿ ನಿಂತು ಆಡ್ತೀನಿ ಅಂತ ಹೊತ್ತಿದ್ದೆ. ದಂಪತಿ ಸಮೇತ ತೀರಿಸ್ಬೇಕಂತೆ. ನಾನೊಬ್ಳೇ ಹೋದ್ರೆ ಈರಜ್ಜಿ ಒಪ್ಪಲ್ಲ."

ಮಾವ ಅವಳನ್ನು ಬಹಳ ಹೊತ್ತು ನೋಡಿದರು. ಒಂದು ಗಾಡಿ ಬಂದು ಹೋಯಿತು, ಅದು ಯಾವುದೆಂದು ಹೇಳಲಿಲ್ಲ. ಕೊನೆಗೆ, "ನಿನ್ ಹರಕೆಗೆ ನಾನು ಅಡ್ಡ ಬರ್ಲಾ? ಕೋಲು ಎಲ್ಲೈತೆ ನೋಡು" ಎಂದು ಎದ್ದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಅಂತೂ ಅತ್ತೆ ಜೀವನದಲ್ಲಿ ಒಂದು ಸುಳ್ಳು ಹೇಳಿದಳು, ಅದೂ ಎಂಥ ಸೊಗಸಾದ ಸುಳ್ಳು! ಹರಕೆ ಹೆಂಡತಿಯದ್ದು ಎಂದ ಮೇಲೆ ಗಂಡ ಮುಂದಿನ ಕಲ್ಲಿಗೆ ಹೋದರೆ ಅವನ ಮಾನಕ್ಕೇನು ಕುಂದು?

ಹಳ್ಳದ ಅಂಚಿನಲ್ಲಿ ಈರಜ್ಜಿ ಕಾಯುತ್ತಿದ್ದಳು. ಕಲ್ಲಿಗೆ ಪೂಜೆಯಾಯಿತು. ಇಬ್ಬರೂ ಚಪ್ಪಲಿ ಬಿಟ್ಟರು. ಮಾವ ಎಡಗೈಯಿಂದ ಬಲಗೈಯನ್ನು ಎತ್ತಿ ಕೋಲಿನ ಮೇಲೆ ಇಟ್ಟು, ಬೆರಳುಗಳನ್ನು ಒಂದೊಂದಾಗಿ ಮಡಚಿಕೊಂಡರು. ಬೀಸು ದೊಡ್ಡದಾಗಿರಲಿಲ್ಲ. ಆದರೂ ಚೆಂಡು ಎದ್ದಿತು. ಆ ಸಂಜೆಯ ಹಳದಿ ಬೆಳಕಿನಲ್ಲಿ ಅದು ಹಳ್ಳದ ಮೇಲೆ ಎಷ್ಟು ನಿಧಾನವಾಗಿ ಹೋಯಿತೆಂದರೆ, ಕುರಿಗಳೂ ತಲೆಯೆತ್ತಿ ನೋಡಿದವೇನೋ ಎಂದು ನನಗೆ ಭ್ರಮೆ. ಆಚೆ ದಡದ ಹುಲ್ಲಿನಲ್ಲಿ ಬಿತ್ತು.

"ದಾಟ್ತು ಕಣ್ರಪ್ಪ" ಎಂದಳು ಈರಜ್ಜಿ.

ಮಾವ ಕೋಲೂರಿಕೊಂಡು, ಈರಜ್ಜಿಯ ಹೆಗಲ ಆಸರೆಯಲ್ಲಿ ಹಳ್ಳಕ್ಕಿಳಿದು, ಚೆಂಡು ಬಿದ್ದಲ್ಲಿಗೆ ಹೊರಟರು.

ಅವರು ದೂರ ಹೋದ ಮೇಲೆ ನಾನು ಅತ್ತೆಯ ತೋಳು ಚಿವುಟಿ, "ಅಂತೂ ಸುಳ್ಳು ಹೇಳೋದು ಕಲಿತೆ ಬಿಡು" ಎಂದೆ.

"ಸುಳ್ಳಲ್ಲ ಕಣೆ" ಎಂದಳು ಅತ್ತೆ.

ನಾನು ನಗುತ್ತಲೇ ಇದ್ದೆ. ಅವಳು ನಗಲಿಲ್ಲ.

"ಆಸ್ಪತ್ರೇಲಿ ನೀನು ಔಷ್ಧಿ ತರಾಕೆ ಹೋಗಿದ್ಯಲ್ಲ, ಆವಾಗ. ಅವ್ರನ್ನ ಒಳಗೆ ಕರ್ಕಂಡು ಹೋಗಿ ಬಾಗ್ಲು ಹಾಕಿದ್ರು. ನಾನೊಬ್ಳೇ ಬೆಂಚಿನ ಮ್ಯಾಲೆ. ಯಾರನ್ನ ಕೇಳ್ಲಿ? ದೊಡ್ಡ ದೇವ್ರುಗಳ ಜೊತೆ ನಂಗೆ ಯಾವತ್ತೂ ಮಾತಿಲ್ಲ. ಗುರುತಿದ್ದಿದ್ದು ಈ ಹಳ್ಳದಮ್ಮ ಒಬ್ಳೇ. ಅವ್ರು ಮತ್ತೆ ಕೋಲು ಹಿಡಿಯಂಗಾದ್ರೆ ಬಿಳಿ ಕಲ್ಲು ಬಿಡ್ತೀನಿ, ಬದುಕಿರಗಂಟ ನಿನ್ ಮುಂದೇನೇ ನಿಂತು ಆಡ್ತೀನಿ ಅಂದೆ."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಬಿಡಾಕೆ ಮನ್ಸು ಬರ್ಲಿಲ್ಲ ಕಣೆ" ಎಂದಳು. ಬಿಳಿ ಕಲ್ಲಿನ ಕಡೆ ತಿರುಗಿ ನೋಡಲಿಲ್ಲ.

"ಒಂದು ಸೀರೆ ಉಡಿಸ್ತೀನಿ ಅಂದಿದ್ರೆ ಆಗ್ತಿರ್ಲಿಲ್ವಾ ಅತ್ತೆ? ಬಿಳಿ ಕಲ್ಲೇ ಯಾಕೆ?"

"ಬ್ಯಾರೆ ಏನು ಕೊಟ್ಟಿದ್ರೂ ಕೊಟ್ಟಂಗೆ ಆಗ್ತಿರ್ಲಿಲ್ಲ" ಎಂದು ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚೆಂಡು ಇಡಲು ಬಗ್ಗಿದಳು.

ಅಷ್ಟರಲ್ಲಿ ಮಾವ ಆಚೆ ದಡ ಹತ್ತಿದ್ದರು. ಚೆಂಡಿನ ಪಕ್ಕ ನಿಂತು ನಮ್ಮ ಕಡೆ ತಿರುಗಿ, ನಿನ್ನ ಸರದಿ ಎಂದು ಅತ್ತೆಯನ್ನು ಕೈ ಎತ್ತಿ ಕರೆದರು. ಕರೆದದ್ದು ಬಲಗೈಯಲ್ಲಿ. ಅದು ಪೂರ್ತಿ ಮೇಲೇಳಲಿಲ್ಲ, ಎದೆಯವರೆಗೆ ಬಂದು ಅಲ್ಲೇ ಅಲುಗಿತು. ಅತ್ತೆ ಚೆಂಡನ್ನು ಮುಷ್ಟಿಯಲ್ಲೇ ಹಿಡಿದುಕೊಂಡು, ಆ ಕೈ ಇಳಿಯುವವರೆಗೂ ನೋಡುತ್ತ ನಿಂತಳು.